ಯಾರೂ ತೊಡದ ಕುಲಾವಿ, ಎಲ್ಲರೂ ತೊಟ್ಟ ಉಂಡೆ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಒಂದು ತೋಟದ ಮನೆಯಿಂದ ನನಗೆ ಫೋನು ಬಂತು. ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಹುಡುಗಿಯರಿಗೆ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತಳಾದವಳು. ಈಗ ಹಳೆಯ ಸ್ವೆಟರು, ಶಾಲು, ಕಸೂತಿ ಸೀರೆಗಳನ್ನು ದುರಸ್ತಿ ಮಾಡಿಕೊಡುತ್ತೇನೆ. ಹಾಗಾಗಿ ಸುತ್ತಮುತ್ತಲಿನ ಯಾವ ಅಟ್ಟದಿಂದ ಉಲ್ಲನ್ ಇಳಿದರೂ ಅದು ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬರುತ್ತದೆ.

ಫೋನು ಮಾಡಿದವರು ಮನೆಯ ಯಜಮಾನರು. ಅವರಿಗೆ ಮೊಮ್ಮಗ ಹುಟ್ಟಿ ಒಂದೂವರೆ ತಿಂಗಳಾಗಿತ್ತು. ಬಾಣಂತಿ ಇನ್ನೂ ತವರಿನಲ್ಲಿ, ಸಾಗರದ ಕಡೆ ಇದ್ದಳು. ಮೂರನೇ ತಿಂಗಳಿನಲ್ಲಿ ನಾಮಕರಣ. ಆ ದಿನ ಮಗುವಿಗೆ ತೊಡಿಸಲು ಮನೆತನದ ಒಂದು ಉಲ್ಲನ್ ಜೊತೆ ಇದೆ, ಸ್ವೆಟರ್, ಕುಲಾವಿ, ಕಾಲುಚೀಲ. ಅದನ್ನು ತೊಳೆದು ಸರಿಪಡಿಸಿ ಕೊಡಬೇಕು ಎಂದರು. ಅದರ ಕಥೆಯನ್ನೂ ಹೇಳಿದರು. ಅವರ ತಂದೆ 1931ರಲ್ಲಿ ಹುಟ್ಟಿದಾಗ, ಘಾಟಿಯ ಕೆಲಸಕ್ಕೆಂದು ಬಂದಿದ್ದ ಬಿಳಿಯ ಇಂಜಿನಿಯರರ ಹೆಂಡತಿ ಕೈಯಾರೆ ಹೆಣೆದು ಕೊಟ್ಟದ್ದಂತೆ. ತಂದೆ ತೊಟ್ಟರು, ತಾವು ತೊಟ್ಟರು, ಮಗ ತೊಟ್ಟ, ಈಗ ಮೊಮ್ಮಗ ತೊಡಬೇಕು. ನಾಲ್ಕು ತಲೆಮಾರು. ನಾಮಕರಣದ ನಂತರ ಗಾಜು ಹಾಕಿಸಿ ಜಗಲಿಯಲ್ಲಿ ತೂಗುಹಾಕುವುದು ಅವರ ಆಸೆ.

ಇಂಥ ಕಥೆಗಳಲ್ಲಿ ದೊರೆಸಾನಿ ಬಂದೊಡನೆ ನನ್ನ ಕಿವಿ ನಿಮಿರುತ್ತದೆ. ಮಲೆನಾಡಿನ ಅರ್ಧ ಮನೆಗಳಲ್ಲಿ ದೊರೆ ಕೊಟ್ಟ ಗಡಿಯಾರ, ದೊರೆಸಾನಿ ಕೊಟ್ಟ ಲಾಟೀನು ಇದ್ದೇ ಇರುತ್ತದೆ. ಅಷ್ಟೊಂದು ಉದಾರಿಗಳಾಗಿದ್ದಿದ್ದರೆ ಅವರು ಕಂದಾಯ ಯಾಕೆ ವಸೂಲು ಮಾಡುತ್ತಿದ್ದರೋ. ಆದರೂ ಹೋದೆ.

ಟ್ರಂಕಿನಲ್ಲಿ ಇದ್ದದ್ದು

ಟ್ರಂಕು ಅಡುಗೆಮನೆಯ ಮೇಲಿನ ಅಟ್ಟದಲ್ಲಿತ್ತು. ಇದು ಮುಖ್ಯ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಬೂಷ್ಟಿಗೆ ತುತ್ತಾಗದೆ ಬಟ್ಟೆ ಉಳಿಯಬೇಕಾದರೆ ಒಲೆಯ ಬಿಸಿಯೂ ಹೊಗೆಯೂ ಬೇಕು. ಅಟ್ಟದ ಹೊಗೆಯ ಜೊತೆಗೆ ಟ್ರಂಕಿನೊಳಗೆ ಕೈತುಂಬ ನುಸಿಗುಳಿಗೆಗಳಿದ್ದವು. ಮುಚ್ಚಳ ತೆಗೆದಾಗ ಎದ್ದ ವಾಸನೆಗೆ ಯಜಮಾನರ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡರು.

ಮೇಲೆಯೇ, ಮಲ್ಲಿನ ಬಟ್ಟೆಯಲ್ಲಿ ಸುತ್ತಿದ ಆ ಜೊತೆ. ಬಿಳಿಯ ಉಲ್ಲನ್, ಅಂಚಿಗೆ ಗುಲಾಬಿ, ಕೊರಳಿಗೆ ರಿಬ್ಬನ್ನು. ಅದರ ಕೆಳಗೆ ಬಟ್ಟೆಯ ಎರಡು ಕುಂಚಿಗೆ. ಆಮೇಲೆ ನಾಲ್ಕೈದು ವರ್ಷದ ಮಗುವಿನ ಅಳತೆಯ ಕಡುಹಸಿರು ಮಂಕಿ ಕ್ಯಾಪು ಒಂದು. ಅಡಿಯಲ್ಲಿ ಸಣ್ಣ ತೆಂಗಿನಕಾಯಿಯಷ್ಟು ದಪ್ಪದ, ಬೂದು ಬಣ್ಣದ ಉಲ್ಲನ್ ಉಂಡೆ. ಉಂಡೆಯನ್ನು ಯಜಮಾನರು ಎತ್ತಿ ಬಾಗಿಲ ಬಳಿ ಎಸೆದರು. "ಅದು ಕಸ, ಬಿಡಿ" ಎಂದರು. ಮೂಲೆಯ ಕುರ್ಚಿಯಲ್ಲಿ ಅವರ ಅತ್ತೆ, ಅಂದರೆ ತಂದೆಯ ತಂಗಿ, ಕುಳಿತಿದ್ದರು. ಎಂಬತ್ತೈದು ವರ್ಷ. ಅವರು ಉಂಡೆಯನ್ನೂ ಅಣ್ಣನ ಮಗನನ್ನೂ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ನಾನು ಉಂಡೆಯನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆ ಹೊತ್ತಿಗೆ ಯಾವ ಅನುಮಾನವೂ ಇರಲಿಲ್ಲ. ಉಲ್ಲನ್ ಬಿಸಾಡುವುದನ್ನು ನೋಡಲಾಗದ ಹಳೆಯ ಚಟ, ಅಷ್ಟೇ.

ಆ ಕುಂಚಿಗೆಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಕೂಸುಗಳ ಉಡುಪಿನ ಮೂಲ ಅಲ್ಲಿದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಅಜ್ಜನ ಮೆತ್ತಗಾದ ಪಂಚೆ, ಅಜ್ಜಿಯ ಹಳೆಯ ಸೀರೆಯ ತುಂಡು ಸುತ್ತುತ್ತಿದ್ದರು. ಆಮೇಲೆ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಹೊಲಿದ ಕುಂಚಿಗೆ, ಬಟ್ಟೆಯ ಕುಲಾವಿ. ಚಳಿಗೆ ಕಂಬಳಿ ಇತ್ತು, ಆದರೆ ಅದು ಮಗುವಿನ ಹಾಸಿಗೆಯ ಅಡಿಗೆ, ಮೈಗಲ್ಲ. ಚಳ್ಳಕೆರೆಯ ಕಡೆಯಿಂದ ಬರುವ ಕಂಬಳಿ ದಖ್ಖನಿ ಕುರಿಯ ಉಣ್ಣೆಯದು. ಗುಂಡಿಮಗ್ಗದಲ್ಲಿ ನೇಯುವುದು, ಹಾಸುನೂಲಿಗೆ ಹುಣಸೆಬೀಜದ ಅಂಟು ಹಚ್ಚುವುದು. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯಲು ಅದಕ್ಕಿಂತ ಗಟ್ಟಿಯಾದದ್ದಿಲ್ಲ. ಆದರೆ ಕೂಸಿನ ಕೆನ್ನೆಗೆ ತಗುಲಿದರೆ ಕೆಂಪಗೆ ತರಚುತ್ತದೆ. ಮೆರಿನೋ ಕುರಿಯ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪ. ದಖ್ಖನಿಯದು ಅದರ ದುಪ್ಪಟ್ಟಿಗೂ ಹೆಚ್ಚು. ಇಷ್ಟು ಉಣ್ಣೆ ಇದ್ದ ನಾಡಿನಲ್ಲಿ ಕೂಸಿಗೆ ಉಣ್ಣೆ ತೊಡಿಸದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಕೂಸಿನ ಮೈಗೆ ಉಲ್ಲನ್ ಬಂದದ್ದು ಮೃದುವಾದ ಗಿರಣಿ ನೂಲು ಪೇಟೆಗೆ ಬಂದ ಮೇಲೆ, ಎರಡು ಕಡ್ಡಿಗಳ ವಿದ್ಯೆ ಶಾಲೆಗಳ ಮೂಲಕ ಹೆಣ್ಣುಮಕ್ಕಳ ಕೈಗೆ ಬಂದ ಮೇಲೆ. ಕಾನ್ಪುರದ ಲಾಲ್ ಇಮ್ಲಿ ಗಿರಣಿ 1876ರದು, ಪಂಜಾಬಿನ ಧಾರಿವಾಲ್ 1880ರದು. ಮಿಷನ್ ಶಾಲೆಗಳಲ್ಲೂ ಕಾನ್ವೆಂಟುಗಳಲ್ಲೂ ಹುಡುಗಿಯರಿಗೆ ಸೂಜಿಯ ಕೆಲಸ ಕಲಿಸುವ ರೂಢಿ ಬೆಳೆಯಿತು. ಮುಂದೆ ಸರಕಾರಿ ಶಾಲೆಗಳ ಪಾಠಕ್ರಮಕ್ಕೂ ಅದು ಬಂತು. ಅದೇ ರೂಢಿಯಿಂದ ನನ್ನ ಅನ್ನವೂ ಹುಟ್ಟಿತು.

ಹೀಗೆ ನೋಡಿದರೆ 1931ರಲ್ಲಿ ಮಲೆನಾಡಿನ ಒಂದು ಮನೆಯಲ್ಲಿ ಹೆಣೆದ ಉಲ್ಲನ್ ಇರುವುದು ಅಸಾಧ್ಯವೇನಲ್ಲ. ದೊರೆಸಾನಿಯನ್ನು ಅಷ್ಟು ಬೇಗ ಮನೆಯಿಂದ ಹೊರಗೆ ಕಳಿಸುವಂತಿರಲಿಲ್ಲ.

ಸುಟ್ಟು, ಬೆಳಗಿ, ಅಳೆದು ನೋಡಿದ್ದು

ಮೊದಲು ನೂಲು. ಒಳಗಿನ ಹೊಲಿಗೆಯ ತುದಿಯಿಂದ ಅರ್ಧ ಇಂಚು ಎಳೆ ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದೆ. ಕೂದಲು ಸುಟ್ಟ ವಾಸನೆ, ಬೆಂಕಿ ತಾನಾಗಿ ನಂದಿತು, ಬೂದಿ ಬೆರಳಿಗೆ ಪುಡಿಯಾಯಿತು. ಶುದ್ಧ ಉಣ್ಣೆ. ಅಕ್ರಿಲಿಕ್ ಆಗಿದ್ದರೆ ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಗುತ್ತಿತ್ತು. ಅಕ್ರಿಲಿಕ್ ನೂಲು ಅಮೆರಿಕದಲ್ಲಿ ವ್ಯಾಪಾರಕ್ಕೆ ಬಂದದ್ದೇ 1950ರಲ್ಲಿ; ನಮ್ಮ ಪೇಟೆಗಳನ್ನು ತುಂಬಿದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ. ಹಾಗಾಗಿ ಈ ಪರೀಕ್ಷೆ ಯಜಮಾನರ ಪರವಾಗಿಯೇ ಬಂತು.

ರಿಬ್ಬನ್ನು ಕೈಕೊಟ್ಟಿತು. ಅದರ ಒಂದು ಎಳೆ ಕರಗಿ ಮಣಿಯಾಯಿತು: ನೈಲಾನ್. ನೈಲಾನ್ ಲೋಕಕ್ಕೆ ಪರಿಚಯವಾದದ್ದು 1938ರಲ್ಲಿ. ಆದರೆ ರಿಬ್ಬನ್ನು ಯಾವಾಗ ಬೇಕಾದರೂ ಬದಲಾಗುತ್ತದೆ. ಹೊಸ ರಿಬ್ಬನ್ನಿನಿಂದ ಹಳೆಯ ಸ್ವೆಟರು ಹೊಸದಾಗುವುದಿಲ್ಲ. ಅದನ್ನು ಬದಿಗಿಟ್ಟೆ. ಅಂಚಿನ ಗುಲಾಬಿಯಿಂದಲೂ ಏನೂ ತಿಳಿಯುವುದಿಲ್ಲ. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಎಂಬುದು ಇತ್ತೀಚಿನ ನಂಬಿಕೆ. 1918ರಲ್ಲಿ ಅಮೆರಿಕದ ಬಟ್ಟೆ ವ್ಯಾಪಾರಿಗಳ ಪತ್ರಿಕೆಯೊಂದು ಇದಕ್ಕೆ ತದ್ವಿರುದ್ಧವಾಗಿ ಉಪದೇಶ ಮಾಡಿತ್ತು.

ನೋಟು ಪರೀಕ್ಷಿಸುವ ನೇರಳೆ ದೀಪ ಒಂದು ನನ್ನಲ್ಲಿದೆ. ಬಾಗಿಲು ಹಾಕಿ ಬೆಳಕು ಬಿಟ್ಟೆ. ಪೇಟೆಯ ಸೋಪಿನಪುಡಿಯಲ್ಲಿ ಒಗೆದ ಬಿಳಿಯ ಬಟ್ಟೆ ಈ ಬೆಳಕಿನಲ್ಲಿ ನೀಲಿಯಾಗಿ ಉರಿಯುತ್ತದೆ, ಪುಡಿಯಲ್ಲಿರುವ ಬೆಳಪಿನ ರಾಸಾಯನಿಕದಿಂದ. ಈ ದೇಶದಲ್ಲಿ ಸರ್ಫ್ ಮಾರಾಟಕ್ಕೆ ಬಂದದ್ದು 1959ರಲ್ಲಿ. ಯಜಮಾನರ ಮಗ ಹುಟ್ಟಿದ್ದು 1980ರ ದಶಕದಲ್ಲಿ; ಅವನೂ ತೊಟ್ಟಿದ್ದರೆ ಕುಲಾವಿ ಒಮ್ಮೆಯಾದರೂ ಪುಡಿಯ ನೀರು ಕಂಡಿರಬೇಕಿತ್ತು. ಅದು ಮಂಕಾಗಿಯೇ ಉಳಿಯಿತು. ಅದಕ್ಕಿಂತ ವಿಚಿತ್ರವೆಂದರೆ ಎದೆಯ ಭಾಗದಲ್ಲಿ ಒಂದು ಕಲೆಯೂ ಇರಲಿಲ್ಲ, ನುಸಿಯ ಒಂದು ತೂತೂ ಇರಲಿಲ್ಲ. ಹಾಲು ಕಕ್ಕದ ಕೂಸು ಎಲ್ಲಿದೆ? ಎಷ್ಟೇ ತೊಳೆದರೂ ಹಾಲಿನ, ಜೊಲ್ಲಿನ, ಬೆವರಿನ ಅಂಶ ಉಣ್ಣೆಯಲ್ಲಿ ಉಳಿಯುತ್ತದೆ, ನುಸಿಯ ಮರಿಗಳು ಮೊದಲು ಬಾಯಿ ಹಾಕುವುದೇ ಅಲ್ಲಿಗೆ. ನಾನು ನೋಡಿರುವ ಹಳೆಯ ಕೂಸಿನ ಸ್ವೆಟರುಗಳಲ್ಲೆಲ್ಲ ತೂತು ಗಲ್ಲದ ಕೆಳಗೆ.

ಆಮೇಲೆ ಅಳತೆ ಪಟ್ಟಿ ತೆಗೆದೆ. ಇದನ್ನು ಮೊದಲೇ ಮಾಡಬೇಕಿತ್ತು. ವಿದ್ಯಾರ್ಥಿನಿಯರಿಗೆ ನಾನೇ ಹೇಳುತ್ತಿದ್ದ ಮಾತು. ಸ್ವೆಟರಿನ ಎದೆ ಸುತ್ತಳತೆ 26 ಸೆಂಟಿಮೀಟರ್. ಕುಲಾವಿಯ ಬಾಯಿ 24. ಕಾಲುಚೀಲದ ಅಂಗಾಲು ಐದೂವರೆ. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆಯೇ 34-35 ಸೆಂಟಿಮೀಟರ್ ಇರುತ್ತದೆ, ಪಾದ ಏಳೂವರೆಯಿಂದ ಎಂಟು. ಹೆಣಿಗೆ ಹಿಗ್ಗುತ್ತದೆ ನಿಜ, ಆದರೆ ಇಷ್ಟು ಬಿಗಿಯಾದ ಅಂಚು ಅಷ್ಟು ಹಿಗ್ಗುವುದಿಲ್ಲ. ಅವಧಿಗೆ ಎಷ್ಟೋ ಮೊದಲೇ ಹುಟ್ಟಿದ ಕೂಸಿಗಾಗಿ ಹೆಣೆದದ್ದಿರಬಹುದೇ ಎಂದು ಯೋಚಿಸಿದೆ. ಅಷ್ಟು ಚಿಕ್ಕ ಕೂಸುಗಳಿಗೆ ಉಲ್ಲನ್ ಟೋಪಿ ಹಾಕುವುದು ಈಗ ಆಸ್ಪತ್ರೆಗಳಲ್ಲಿ ರೂಢಿ, ಏಕೆಂದರೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಶಾಖದ ದೊಡ್ಡ ಪಾಲು ಅಲ್ಲಿಂದ ಹೋಗುತ್ತದೆ. ಆದರೆ ಅಂಥ ಕೂಸು ಬದುಕಿ, ಹಾಲು ಕುಡಿದು, ಅದರ ಸ್ವೆಟರು ಕಲೆಯಿಲ್ಲದೆ ಉಳಿಯುವುದು? ಮತ್ತೆ ಲೆಕ್ಕ ಹಾಕಿದೆ. ಕೂಸಿಗೆ ಸರಿಯಾದ ಸ್ವೆಟರಿನ ಎದೆ ಸುಮಾರು 40, ಕುಲಾವಿ 35, ಅಂಗಾಲು 8. ಮೂರನ್ನೂ ಮೂರರಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಮೇಜಿನ ಮೇಲಿದ್ದ ಅಳತೆಗಳೇ ಬರುತ್ತವೆ. ಯಾರೋ ಬೇಕೆಂದೇ, ಲೆಕ್ಕ ಹಾಕಿಯೇ, ಮೂರನೇ ಎರಡು ಅಳತೆಯಲ್ಲಿ ಹೆಣೆದಿದ್ದರು.

ಆಗ ಸ್ವೆಟರನ್ನು ಒಳಮೈ ಹೊರಗೆ ಮಾಡಿದೆ. ಪಕ್ಕದ ಹೊಲಿಗೆಯಲ್ಲಿ ಬೆರಳುಗುರಿನಷ್ಟು ಬಟ್ಟೆಯ ಚೂರು, ಅದರ ಮೇಲೆ ನೀಲಿ ಪೆನ್ಸಿಲಿನಲ್ಲಿ ಮೂರು ಅಂಕಿ. ನೋಡಿದ ಕೂಡಲೇ ನಗು ಬಂತು. ಇಂಥ ಚೂರುಗಳನ್ನು ವರ್ಷ ವರ್ಷ ನಾನೇ ಹೊಲಿಸಿದ್ದೇನೆ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ. ರಿಜಿಸ್ಟರ್ ನಂಬರು.

ಮೂಲೆಯ ಕುರ್ಚಿ

ಮರುವಾರ ಮತ್ತೆ ಹೋದೆ. ಯಜಮಾನರು ಪೇಟೆಗೆ ಹೋಗಿದ್ದ ಸಮಯ ನೋಡಿಕೊಂಡೇ ಹೋದೆ ಎಂದು ಒಪ್ಪಿಕೊಳ್ಳುತ್ತೇನೆ. ಅತ್ತೆಯವರ ಪಕ್ಕ ಕುಳಿತು ಆ ಬಟ್ಟೆಯ ಚೂರು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಐವತ್ತಕ್ಕೆ ನಲವತ್ತೊಂದು" ಎಂದರು. "ಎಡಗಾಲಿನ ಹಿಮ್ಮಡಿಗೆ ಕಳೆದರು."

ನಾನು ಕಾಲುಚೀಲ ತೆಗೆದು ಎಣಿಸಿದೆ. ಎಡಗಾಲಿನದರ ಹಿಮ್ಮಡಿಯಲ್ಲಿ ಒಂದು ಕುಣಿಕೆ ಕಡಿಮೆ ಇತ್ತು. ಮೊದಲ ದಿನವೇ ನನ್ನ ಟಿಪ್ಪಣಿಯಲ್ಲಿ ಅದು ಬರೆದಿತ್ತು, ಅರ್ಥವಾಗಿರಲಿಲ್ಲ.

1960ರಲ್ಲಿ ಶಿವಮೊಗ್ಗದಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದಾಗ ಪರೀಕ್ಷೆಗೆ ಅವರು ಹೆಣೆದದ್ದು. ನೂಲು ದುಬಾರಿ, ಪೂರ್ತಿ ಅಳತೆಗೆ ಹೆಣೆದರೆ ಹಾಸ್ಟೆಲಿನ ಹುಡುಗಿಯರಿಗೆ ಭಾರವಾಗುತ್ತದೆ ಎಂದು ಮಾದರಿಗಳನ್ನು ಚಿಕ್ಕದಾಗಿ ಮಾಡಿಸುತ್ತಿದ್ದರಂತೆ. ಕೆಲಸ ಸಿಕ್ಕಿತು, ಮಾದರಿ ಟ್ರಂಕಿಗೆ ಹೋಯಿತು, ಅಣ್ಣನ ಮಗ ಬೆಳೆದು ಮೀಸೆ ಬಂದ ಮೇಲೆ ಅದಕ್ಕೊಬ್ಬ ದೊರೆಸಾನಿ ಹುಟ್ಟಿಕೊಂಡಳು. "ಇಷ್ಟು ವರ್ಷ ನೀವು ಯಾಕೆ ಹೇಳಲಿಲ್ಲ ಅಮ್ಮ?" ಎಂದು ಕೇಳಿದೆ. "ಅವನು ಕೇಳಲಿಲ್ಲ. ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಚೆನ್ನಾಗಿ ಹೇಳುತ್ತಾನೆ" ಎಂದರು.

ಹಸಿರು ಮಂಕಿ ಕ್ಯಾಪಿನ ಬಗ್ಗೆಯೂ ಕೇಳಿದೆ. 1962ರಲ್ಲಿ ಚೀನಾದ ಜೊತೆ ಯುದ್ಧವಾದಾಗ ದೇಶದಾದ್ಯಂತ ಹೆಂಗಸರು ಗಡಿಯ ಸೈನಿಕರಿಗೆ ಸ್ವೆಟರು ಹೆಣೆದು ಕಳಿಸಿದ್ದರು. ಇವರ ಶಾಲೆಯಲ್ಲೂ ಹೆಣೆದರಂತೆ, ಉಳಿದ ನೂಲಿನಲ್ಲಿ ಇದು. ಕಡುಹಸಿರು, ಉಣ್ಣೆ, ಆ ಕಾಲಕ್ಕೆ ಹೊಂದುವ ದಪ್ಪ. ಅವರ ಮಾತಿಗೆ ನೂಲು ಎದುರಾಡುವುದಿಲ್ಲ, ಅದಕ್ಕಿಂತ ಹೆಚ್ಚು ಹೇಳಲಾರೆ. ಆ ಟೋಪಿಯ ಜಾತಿಯೇ ಯುದ್ಧದ್ದು. ಇಂಗ್ಲಿಷರು ಅದಕ್ಕೆ ಇಟ್ಟ ಬಾಲಾಕ್ಲಾವಾ ಎಂಬ ಹೆಸರು ಕ್ರಿಮಿಯಾದ ಒಂದು ಊರಿನದು, 1854ರ ಅಕ್ಟೋಬರಿನಲ್ಲಿ ಅಲ್ಲಿ ಕಾಳಗ ನಡೆಯಿತು. ಅದೇ ಕಾಳಗದಲ್ಲಿ ಕುದುರೆಪಡೆ ನಡೆಸಿದ ಕಾರ್ಡಿಗನ್ ಎಂಬ ಸರದಾರನ ಹೆಸರು ಮುಂಭಾಗ ತೆರೆದ ಸ್ವೆಟರಿಗೆ ಅಂಟಿಕೊಂಡಿದೆ. ಕೊನೆಗೆ ಎರಡೂ ಬಂದು ಸೇರಿದ್ದು ಆಗುಂಬೆಯ ಮಂಜಿನಲ್ಲಿ ಅಂಗನವಾಡಿಗೆ ಹೋಗುವ ಮಕ್ಕಳ ಮೈಮೇಲೆ.

ಉಂಡೆ

ನಿಜವಾದ ಪ್ರಕರಣ ಇಲ್ಲಿಂದ ಶುರು. "ಹಾಗಾದರೆ ನಿಮ್ಮ ಮನೆಯ ಮಕ್ಕಳು ತೊಟ್ಟದ್ದು ಏನು?" ಎಂದೆ. ಅತ್ತೆಯವರು ನನ್ನ ಚೀಲದ ಕಡೆ ಗಲ್ಲ ಎತ್ತಿದರು. "ನೀನು ಒಯ್ದಿದ್ದೀಯಲ್ಲ."

ಮನೆಗೆ ಬಂದು ಉಂಡೆಯನ್ನು ತೂಗಿದೆ: 148 ಗ್ರಾಂ. ಎರಡು ಕುರ್ಚಿಗಳ ಬೆನ್ನಿಗೆ ಸುತ್ತುತ್ತ ಬಿಚ್ಚಿದೆ, ಇಡೀ ಮಧ್ಯಾಹ್ನ ಹಿಡಿಯಿತು. ನೂಲು ಉದ್ದಕ್ಕೂ ಗುಂಗುರು ಗುಂಗುರು, ಒಮ್ಮೆ ಹೆಣೆದು ಬಿಚ್ಚಿದ ಉಣ್ಣೆಗೆ ಉಳಿಯುವ ಅಲೆ. ಆದರೆ ಅಲೆ ಒಂದೇ ಸಮ ಇರಲಿಲ್ಲ. ಒಂದಷ್ಟು ದೂರ ಸಣ್ಣ ಅಲೆ, ಆಮೇಲೆ ದೊಡ್ಡದು, ಅಂದರೆ ಬೇರೆ ಬೇರೆ ದಪ್ಪದ ಕಡ್ಡಿಗಳು. ಒಂಬತ್ತು ಕಡೆ ಗಂಟು. ಗಂಟುಗಳ ನಡುವೆ ಎರಡು ಕಡೆ ಕಂದು ಬಣ್ಣದ ನೂಲು, ಒಂದು ಕಡೆ ನೂಲು ಸವೆದು ಜೂಲಾಗಿತ್ತು; ಮೊಣಕೈಯ ಜಾಗ ಇರಬೇಕು. ತುದಿಗೆ ಬಂದಾಗ ಉಂಡೆಯ ಹೊಟ್ಟೆಯಲ್ಲಿ ನಾಲ್ಕಾಗಿ ಮಡಚಿದ ಕಾಗದ. ಅಂಗಡಿಯ ರಶೀದಿ. ಊರು ಶಿವಮೊಗ್ಗ, ರಾಜ್ಯ ಮೈಸೂರು. ಬೂದು ಉಲ್ಲನ್, 6 ಔನ್ಸ್, ಬೆಲೆ ರೂಪಾಯಿ ಮತ್ತು ನಯೇ ಪೈಸೆಗಳಲ್ಲಿ. ತಾರೀಖಿನ ಜಾಗ ಹುಳು ತಿಂದಿತ್ತು, ಆದರೆ ಅದು ಬೇಕಾಗಲಿಲ್ಲ. ನಯೇ ಪೈಸೆ ಚಲಾವಣೆಗೆ ಬಂದದ್ದು 1957ರ ಏಪ್ರಿಲ್ 1ರಂದು, 'ನಯೇ' ಬಿದ್ದುಹೋದದ್ದು 1964ರಲ್ಲಿ. ಔನ್ಸ್, ಪೌಂಡುಗಳು 1960ರ ದಶಕದ ಆರಂಭದ ಹೊತ್ತಿಗೆ ಮೆಟ್ರಿಕ್ ತೂಕಗಳಿಗೆ ಜಾಗ ಬಿಟ್ಟುಕೊಟ್ಟವು. ನಯೇ ಪೈಸೆಯೂ ಔನ್ಸೂ ಒಂದೇ ಕಾಗದದಲ್ಲಿ ಕೂತಿದ್ದ ಕಾಲ ಕೆಲವೇ ವರ್ಷಗಳದ್ದು. ಯಜಮಾನರು ಹುಟ್ಟಿದ್ದು 1958ರಲ್ಲಿ.

6 ಔನ್ಸ್ ಎಂದರೆ 170 ಗ್ರಾಂ. ಉಳಿದದ್ದು 148, ಅದರಲ್ಲಿ ಆಮೇಲೆ ಸೇರಿದ ಕಂದು ನೂಲೂ ಸ್ವಲ್ಪ ಇದೆ. ಐದು ಮಕ್ಕಳ ಬಾಲ್ಯಕ್ಕೆ ಸವೆದದ್ದು ಸುಮಾರು ಇಪ್ಪತ್ತೆರಡು ಗ್ರಾಂ, ಸ್ವಲ್ಪ ಹೆಚ್ಚೇ ಇರಬಹುದು.

ಏಳು ಸಲ ಬಿಚ್ಚಿದ್ದು ಎಂದು ಅತ್ತೆಯವರು ಬೆರಳು ಮಡಚಿ ಎಣಿಸಿದರು. ಮೊದಲು ಈ ಯಜಮಾನರಿಗೆ, ಒಂದು ವರ್ಷದ ಅಳತೆಗೆ. ಎರಡು ಚಳಿಗಾಲ ಕಳೆದ ಮೇಲೆ ಬಿಚ್ಚಿ ದೊಡ್ಡದು. ಇವರು ಬೆಳೆದ ಮೇಲೆ ಅದನ್ನೇ ಬಿಚ್ಚಿ ತಮ್ಮನಿಗೆ ಚಿಕ್ಕದು, ತಂಗಿಗೆ ಮುಂಭಾಗ ತೆರೆದದ್ದು, ಹೀಗೆ. ತೋಳನ್ನು ಅವರು ಯಾವಾಗಲೂ ಹೆಗಲಿನಿಂದ ಮಣಿಕಟ್ಟಿನ ಕಡೆಗೆ ಹೆಣೆಯುತ್ತಿದ್ದರು. ಪರೀಕ್ಷೆಗೆ ಹೆಣೆದ ಮಾದರಿಯಲ್ಲಿ ತೋಳು ಮಣಿಕಟ್ಟಿನಿಂದ ಮೇಲಕ್ಕಿದೆ, ಪುಸ್ತಕದ ಪ್ರಕಾರ. ಮನೆಗೆ ಮಾತ್ರ ಉಲ್ಟಾ. ಹೆಣಿಗೆ ಸುಲಭವಾಗಿ ಬಿಚ್ಚಿಕೊಳ್ಳುವುದು ಮುಗಿಸಿದ ತುದಿಯಿಂದ. ಮುಗಿದದ್ದು ಮಣಿಕಟ್ಟಿನಲ್ಲಾದರೆ ಮಗು ಬೆಳೆದಂತೆ ಅಂಚು ಬಿಚ್ಚಿ ಎರಡು ಬೆರಳು ಉದ್ದ ಮಾಡಬಹುದು, ಸವೆದ ಪಟ್ಟಿ ತೆಗೆದು ಹೊಸದು ಹಾಕಬಹುದು. ಆ ಕಂದು ನೂಲು ಬಂದದ್ದು ಹಾಗೆ. ಬ್ರಿಟನ್ನಿನ ಕರಾವಳಿಯ ಮೀನುಗಾರರ ಹೆಂಡತಿಯರೂ ಗಂಡಂದಿರ ಜರ್ಸಿಯ ತೋಳುಗಳನ್ನು ಹೆಗಲಿನಿಂದ ಕೆಳಕ್ಕೆ ಹೆಣೆಯುತ್ತಿದ್ದುದು ಇದೇ ಕಾರಣಕ್ಕೆ. ಅತ್ತೆಯವರಿಗೆ ಅವರ ಸುದ್ದಿ ಗೊತ್ತಿಲ್ಲ. ಕಡ್ಡಿಗಳೂ ಎಲ್ಲ ಅಂಗಡಿಯವಲ್ಲ; ಅಂಚಿಗೆ ಬಳಸಿದ್ದು ಸೈಕಲ್ಲಿನ ಕಡ್ಡಿ, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿದ್ದು. ಸೈಕಲ್ ಕಡ್ಡಿ 2 ಮಿಲಿಮೀಟರ್, ಹದಿನಾಲ್ಕನೇ ಗೇಜಿನ ತಂತಿ. ಹಳೆಯ ಬ್ರಿಟಿಷ್ ಲೆಕ್ಕದ ಹದಿನಾಲ್ಕನೇ ನಂಬರ್ ಹೆಣಿಗೆ ಕಡ್ಡಿಯೂ ಅಷ್ಟೇ.

ಕೂಸುಗಳ ಹೆಣಿಗೆಯ ಚರಿತ್ರೆ ಬರೆಯುವವರಿಗೆಲ್ಲ ಈ ಉಂಡೆಯೇ ಕಷ್ಟ. ನೇಯ್ದ ಬಟ್ಟೆ ಹರಿದರೂ ಚಿಂದಿಯಾಗಿ ಉಳಿಯುತ್ತದೆ, ಕೌದಿಯಲ್ಲಿ ಸೇರುತ್ತದೆ. ಹೆಣೆದದ್ದು ಎಳೆದರೆ ನೂಲಾಗುತ್ತದೆ. ಚೆನ್ನಾಗಿ ಬಳಕೆಯಾದ ಕೂಸಿನ ಸ್ವೆಟರಿಗೆ ಸಾವೂ ಇಲ್ಲ, ಅವಶೇಷವೂ ಇಲ್ಲ. ಹಾಗಾಗಿ ವಸ್ತುಸಂಗ್ರಹಾಲಯಗಳಿಗೆ ಬಂದು ಸೇರುವುದು ದಾರಿ ತಪ್ಪಿದ ವಸ್ತುಗಳು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸುಮಾರು ಕ್ರಿ.ಶ. 300ರ ಒಂದು ಮಗುವಿನ ಕಾಲುಚೀಲವಿದೆ. ಎಡಗಾಲಿನದು, ಪಟ್ಟೆಪಟ್ಟೆ, ಹೆಬ್ಬೆರಳಿಗೆ ಬೇರೆ ಮನೆ. 1913-14ರಲ್ಲಿ ಈಜಿಪ್ಟಿನ ಆಂಟಿನೊಪೊಲಿಸ್ ನಗರದ ಕಸದ ಗುಡ್ಡೆಯಲ್ಲಿ ಸಿಕ್ಕಿತು. ಮಂಜಿಷ್ಠದ ಜಾತಿಯ ಬೇರಿನ ಕೆಂಪು, ಒಂದು ಸೊಪ್ಪಿನ ನೀಲಿ, ಇನ್ನೊಂದು ಗಿಡದ ಹಳದಿ, ಈ ಮೂರನ್ನೇ ಬೆರೆಸಿ ಅಷ್ಟೂ ಪಟ್ಟೆಗಳನ್ನು ತಂದಿದ್ದಾರೆಂದು 2018ರಲ್ಲಿ ಪ್ರಕಟವಾದ ಪರೀಕ್ಷೆ ತಿಳಿಸಿತು. ಅದು ನಾವು ತಿಳಿದ ಎರಡು ಕಡ್ಡಿಯ ಹೆಣಿಗೆಯಲ್ಲ. ಒಂದೇ ಸೂಜಿಯಿಂದ ಚಿಕ್ಕ ಚಿಕ್ಕ ನೂಲಿನ ತುಂಡುಗಳನ್ನು ಕುಣಿಕೆಯೊಳಗಿನಿಂದ ಪೂರ್ತಿ ಎಳೆದು ಮಾಡುವ ಹಳೆಯ ವಿಧಾನ, ಎಳೆದರೆ ಬಿಚ್ಚುವುದಿಲ್ಲ. ನನ್ನ ಊಹೆ ಇಷ್ಟು: ಬಿಚ್ಚಲು ಬರುತ್ತಿದ್ದರೆ ಆ ತಾಯಿ ಅದನ್ನು ಕಸಕ್ಕೆ ಹಾಕುತ್ತಲೇ ಇರಲಿಲ್ಲ, ಮ್ಯೂಸಿಯಮ್ಮಿಗೆ ಒಂದು ಕಾಲುಚೀಲ ಕಡಿಮೆಯಾಗುತ್ತಿತ್ತು.

ನಿಜವಾದ ಹೆಣಿಗೆ ಅದಾದ ಮೇಲೆ ನೂರಾರು ವರ್ಷಗಳ ನಂತರ, ಈಜಿಪ್ಟಿನಲ್ಲಿಯೇ, ನೀಲಿ-ಬಿಳಿ ಹತ್ತಿಯ ಕಾಲುಚೀಲಗಳಲ್ಲಿ ಕಾಣಿಸುತ್ತದೆ. ಯೂರೋಪಿಗೆ ಬಂದ ಮೇಲೆ ಕೂಸಿಗೆ ಹೆಣೆಯುವ ತಾಯಿಯ ಚಿತ್ರವೂ ಸಿಗುತ್ತದೆ: 1400ರ ಆಸುಪಾಸಿನಲ್ಲಿ ಜರ್ಮನಿಯ ಬುಕ್ಸ್ಟೆಹೂಡ್ ಎಂಬಲ್ಲಿನ ಪೂಜಾಪೀಠಕ್ಕೆಂದು ಬರೆದ, ಈಗ ಹ್ಯಾಂಬರ್ಗಿನಲ್ಲಿರುವ ಚಿತ್ರದಲ್ಲಿ ಮೇರಿ ಬಾಲ ಯೇಸುವಿನ ಅಂಗಿಯ ಕೊರಳನ್ನು ನಾಲ್ಕು ಕಡ್ಡಿಗಳಲ್ಲಿ ಸುತ್ತಲೂ ಹೆಣೆಯುತ್ತಿದ್ದಾಳೆ, ಎಲ್ಲೂ ಹೊಲಿಗೆಯಿಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣಿಗೆ ಯಂತ್ರ ಮಾಡಿದ. ಆದರೆ ಅದು ಹೆಣೆದದ್ದು ದೊಡ್ಡವರ ಕಾಲುಚೀಲಗಳನ್ನು. ಕೂಸಿನ ಉಡುಪು ಅದಾದ ನಂತರವೂ ಬಹುಕಾಲ ಮನೆಯ ಹೆಂಗಸರ ಕೈಯಲ್ಲೇ ಉಳಿಯಿತು. ಲಂಡನ್ನಿನ ನೆಲದಡಿಯಿಂದ 16ನೇ ಶತಮಾನದ ಮಗುವಿನ ಹೆಣೆದ ಕೈಗವುಸೂ ಸಿಕ್ಕಿದೆ. ಅದೂ ಯಾರೋ ಬೀಳಿಸಿಕೊಂಡದ್ದೇ ಇರಬೇಕು.

ನಾಮಕರಣ

ಯಜಮಾನರಿಗೆ ಹೇಳಬೇಕಾದದ್ದು ಎರಡು. ಮೊದಲನೆಯದು ಜರೂರು. ಜೊತೆ ಮಗುವಿಗೆ ಹಿಡಿಯುವುದಿಲ್ಲ ಎಂಬುದಿರಲಿ, ಹಿಡಿದರೂ ತೊಡಿಸಬಾರದು. ನುಸಿಗುಳಿಗೆಯ ನಾಫ್ತಲೀನ್ ಕೂಸಿನ ಮೈಗೆ ಚರ್ಮದಿಂದಲೂ ಉಸಿರಿನಿಂದಲೂ ಸೇರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಕೂಸುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಜೋರಾಗುತ್ತದೆ, ಜೀವಕ್ಕೇ ಬಂದದ್ದುಂಟು. ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಟ್ರಂಕಿನ ಬಟ್ಟೆಯನ್ನು ನೇರವಾಗಿ ಕೂಸಿಗೆ ತೊಡಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಕೊರಳಿಗೆ ಕಟ್ಟುವ ಉದ್ದ ರಿಬ್ಬನ್ನೂ ಮಲಗುವ ಮಗುವಿಗೆ ಬೇಡ.

ಎರಡನೆಯದನ್ನು ಹೇಳಲು ಅತ್ತೆಯವರನ್ನೇ ಬಿಟ್ಟೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಕೇಳಿದ್ದು ದೊರೆಸಾನಿಯ ವಿಷಯವನ್ನಲ್ಲ, ಉಂಡೆ ಎಲ್ಲಿದೆ ಎಂದು.

ಉಂಡೆಯ ಬಗ್ಗೆ ನನಗೂ ಅತ್ತೆಯವರಿಗೂ ಜಗಳವಾಯಿತು. ನೂಲನ್ನು ತೊಳೆದರೆ ಅಲೆ ಹೋಗುತ್ತದೆ, ಅಲೆ ಹೋದರೆ ಏಳು ಸ್ವೆಟರುಗಳ ಗುರುತೂ ಹೋಗುತ್ತದೆ. ಗಂಟುಗಳ ಸಮೇತ ಹಾಗೆಯೇ ಇಡಬೇಕು, ಚೌಕಟ್ಟು ಹಾಕುವುದಾದರೆ ಇದಕ್ಕೆ ಹಾಕಬೇಕು ಎಂಬುದು ನನ್ನ ವಾದ. ಅತ್ತೆಯವರು ನನ್ನನ್ನು ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದ ಹುಡುಗಿಯನ್ನು ನೋಡುವಂತೆ ನೋಡಿದರು. "ಉಲ್ಲನ್ ಇರುವುದು ಗೋಡೆಗೆ ಹಾಕುವುದಕ್ಕಾ?" ಎಂದರು. ಹತ್ತನೇ ನಂಬರಿನ ಕಡ್ಡಿ ತಂದುಕೊಡಲು ಹೇಳಿದರು.

ನಾನು ಸೋತೆ. ಕೈಲಾದಷ್ಟು ಫೋಟೋ ತೆಗೆದು, ಅಲೆಯ ಅಳತೆಗಳನ್ನು ಬರೆದಿಟ್ಟುಕೊಂಡೆ. ನೂಲನ್ನು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಗಾಳಿ ಬಿಸಿಲಿಗೆ ಮೂರು ವಾರ ತೂಗುಹಾಕಿದೆವು. ನಾಫ್ತಲೀನ್ ಆವಿಯಾಗಿ ಹೋಗುವಂಥದ್ದು, ವಾಸನೆ ಪೂರ್ತಿ ಹೋಗುವವರೆಗೆ ಮಗುವಿರುವ ಮನೆಯೊಳಗೆ ತರುವಂತಿಲ್ಲ. ಆಮೇಲೆ ಅಂಟುವಾಳದ ಉಗುರುಬೆಚ್ಚಗಿನ ನೀರಿನಲ್ಲಿ ಮೂರು ಸಲ ತೊಳೆದು, ಲಡಿಯ ಅಡಿಗೆ ಭಾರ ಕಟ್ಟಿ ಒಣಗಿಸಿದೆವು. ಅಲೆ ಮುಕ್ಕಾಲು ಪಾಲು ಹೋಯಿತು. ಜೂಲಾದ ಭಾಗವನ್ನು ಕತ್ತರಿಸಿ ತೆಗೆದೆ.

ಅಷ್ಟರಲ್ಲಿ ನಾಮಕರಣ ಮುಗಿದಿತ್ತು. ಮಗು ಅಂದು ಪೇಟೆಯಿಂದ ತಂದ ಹತ್ತಿಯ ಅಂಗಿ ತೊಟ್ಟಿತ್ತು, ಪೂರ್ತಿ ಹೊತ್ತು ನಿದ್ದೆ ಮಾಡಿತು. ಮಾದರಿಯ ಜೊತೆಗೆ ನಾನು ಒಂದು ಚೀಟಿ ಬರೆದುಕೊಟ್ಟಿದ್ದೇನೆ: ಶಿಕ್ಷಕಿಯರ ತರಬೇತಿಯ ಪರೀಕ್ಷೆಗೆ ಹೆಣೆದದ್ದು, 1960, ಮೂರನೇ ಎರಡು ಅಳತೆ, ಐವತ್ತಕ್ಕೆ ನಲವತ್ತೊಂದು. ಚೌಕಟ್ಟು ಇನ್ನೂ ಆಗಿಲ್ಲ. ಯಜಮಾನರು ಗಾಜಿನ ಅಂಗಡಿಯವನ ಮೇಲೆ ಹೇಳುತ್ತಾರೆ.

ಬೂದು ಸ್ವೆಟರು ಶಿವರಾತ್ರಿಯ ಹೊತ್ತಿಗೆ ಮುಗಿಯಿತು, ಒಂದು ವರ್ಷದ ಅಳತೆಗೆ, ಮುಂದಿನ ಚಳಿಗೆ. ಅತ್ತೆಯವರ ಕೈ ನಡುಗುವುದರಿಂದ ಅಂಚಿನ ಪಟ್ಟಿಗಳನ್ನು ಬಾಣಂತಿ ಹೆಣೆದಳು. ಅಷ್ಟು ಕಲಿಯಲು ಅವಳಿಗೆ ಹನ್ನೊಂದು ದಿನ ಬೇಕಾಯಿತು. ತೋಳು ಹೆಗಲಿನಿಂದ ಕೆಳಕ್ಕೆ. ಮಿಕ್ಕದ್ದು ನಿಂಬೆಹಣ್ಣಿನಷ್ಟು ನೂಲು. ಅದನ್ನು ಸುತ್ತಲು ಕಾಗದವೊಂದನ್ನು ಮಡಚಿ ಕೊಟ್ಟೆ. ಅತ್ತೆಯವರು ಅದನ್ನು ಪಕ್ಕಕ್ಕಿಟ್ಟು, ನಾನು ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನ ಮಾಡಿದ್ದ ರಶೀದಿಗೆ ಕೈ ಚಾಚಿದರು.